ಮೂಳೆಗಂಡಿಗೆ ಇಳಿದ ಮೋಟು ಹಲಗೆ

"ಕೇಳ್ರಪ್ಪೋ ಕೇಳಿ! ರಾಜಕುಮಾರಿ ಸಿರಿಯಲದೇವಿಯನ್ನು ಮೂಳೆಗಂಡಿಯ ಬಿಳಿಯಕ್ಕ ಹಿಡಿದಿಟ್ಟಿದ್ದಾಳೆ! ಗಂಡಿಗಿಳಿದು ಅವಳ ಮೂರು ಒಗಟು ಬಿಡಿಸಿದವನಿಗೆ ಅರ್ಧ ರಾಜ್ಯ, ಮೇಲೆ ಕುಮಾರಿಯನ್ನೇ ಧಾರೆಯೆರೆದು ಕೊಡಲಾಗುವುದು. ತಪ್ಪಿದವನಿಗೆ ಅಲ್ಲೇ ಸಾವು!"

ಹೀಗೆ ಡಂಗುರ ಸಾರಿದ್ದು ಬೆಳ್ಗಲ್ಲು ಎಂಬ ರಾಜ್ಯದಲ್ಲಿ. ವರ್ಷಕ್ಕೆ ಎಂಟು ತಿಂಗಳು ಹಿಮ ಬೀಳುವ ಆ ಊರಲ್ಲಿ ಮಕ್ಕಳು ನೆಟ್ಟಗೆ ನಡೆಯುವ ಮೊದಲೇ ಕಾಲಿಗೆ ಹಲಗೆ ಕಟ್ಟಿಕೊಂಡು ಜಾರುತ್ತಿದ್ದರು. ಆದರೂ ಮೂಳೆಗಂಡಿ ಎಂದರೆ ಎಂಥವರ ಎದೆಯೂ ಝಲ್ಲೆನ್ನುತ್ತಿತ್ತು. ಗೋಡೆಯಂತೆ ಕಡಿದಾದ ಇಳಿಜಾರು, ಎರಡೂ ಕಡೆ ಬಂಡೆ, ನಡುವೆ ಒಂದು ಗಾಡಿ ಹೋಗುವಷ್ಟು ಅಗಲ. ಕೋಟೆಯಿಂದ ನೋಡಿದರೆ ಗಂಡಿಯ ಬುಡದಲ್ಲಿ ಸೊಂಟದವರೆಗೆ ಹಿಮದಲ್ಲಿ ಹೂತ ಮನುಷ್ಯರು ಕಾಣುತ್ತಿದ್ದರು. ಅಲುಗುತ್ತಿರಲಿಲ್ಲ, ಬೀಳುತ್ತಲೂ ಇರಲಿಲ್ಲ.

ಅವರಲ್ಲೊಬ್ಬ ಮಾಕನ ಅಣ್ಣ ಚೆನ್ನಿಗ. ಒಗಟು ಬಿಡಿಸಲು ಹೋಗಿ ಮೂರು ದಿನವಾಗಿತ್ತು. "ನಿಂತೇ ಇದ್ದಾನಲ್ಲೋ, ಸತ್ತೋರು ನಿಲ್ತಾರೇನೋ?" ಎಂದು ತಾಯಿ ಕೇಳುತ್ತಿದ್ದಳು. ಮಾಕನಿಗೂ ಅದೇ ಆಸೆ. ಅರ್ಧ ರಾಜ್ಯ ಕಟ್ಟಿಕೊಂಡು ಅವನೇನು ಮಾಡಬೇಕು? ಅವನಿಗೆ ಅಣ್ಣ ಬೇಕಾಗಿದ್ದ.

ಮಾಕನ ಕಸುಬು ಯಾರಿಗೂ ಬೇಡದ್ದು. ಹಿಮದಲ್ಲಿ ಬಿದ್ದು ಸತ್ತವರನ್ನು ಬೆನ್ನಿಗೆ ಕಟ್ಟಿಕೊಂಡು ತರುವುದು. ಇಕ್ಕಟ್ಟಿನಲ್ಲಿ ಹೆಣ ಹೊತ್ತು ತಿರುಗಲು ಉದ್ದ ಹಲಗೆ ಅಡ್ಡ ಬರುತ್ತದೆಂದು ಅವನು ಸೊಂಟದುದ್ದದ, ಅಗಲವಾದ ಮೋಟು ಹಲಗೆ ಕೆತ್ತಿಕೊಂಡಿದ್ದ.

ಮಾಕ ಗಂಡಿಯ ನೆತ್ತಿಗೆ ಬಂದಾಗ ಅದನ್ನು ಕಂಡು ಇಳಿಯಲು ನೆರೆದಿದ್ದ ಶೂರರೆಲ್ಲ ನಕ್ಕರು, ದಳವಾಯಿ ಬೂತರಸನಂತೂ ಬಿದ್ದು ಬಿದ್ದು ನಕ್ಕ. "ಏನಯ್ಯಾ ಇದು, ಹಲಗೆಯೋ ರೊಟ್ಟಿ ಮಣೆಯೋ?"

"ಮೋಟು ಹಲಗೆ ಗಡಗಡ ನಡುಗುತ್ತೆ," ಎಂದ ಆಸ್ಥಾನ ಪಂಡಿತರ ಮಗ ಸೂರಿಭಟ್ಟ. "ಉದ್ದ ಇದ್ರೆ ತಾನೆ ನೇರ ಓಡೋದು, ಹಿಮದಲ್ಲಿ ಹೂತುಕೊಳ್ಳದೆ ಇರೋದು?"

"ಬಯಲಲ್ಲಿ ನೀವು ಹೇಳೋದೇ ಸರಿ, ಬುದ್ಧೀ," ಎಂದ ಮಾಕ. "ಅಲ್ಲಿ ಇದು ನಡುಗೋದು ನಿಜ. ಆದ್ರೆ ಇಲ್ಲಿ ಓಡೋ ಕೆಲಸ ಇಲ್ಲ, ಮಾರು ಮಾರಿಗೂ ತಿರುಗೋ ಕೆಲಸ."

"ಹೆಣ ಹೊರೋನು ನಮಗೆ ಜಾರೋದು ಕಲಿಸ್ತಾನೆ!" ಎಂದು ದಳವಾಯಿ ಇಳಿದೇಬಿಟ್ಟ.

ಅವನ ಆಳೆತ್ತರದ ಹಲಗೆಗಳು ಅರ್ಧದಲ್ಲೇ ಬಂಡೆಗೆ ಬಡಿದವು. ಉಳಿದರ್ಧ ದಾರಿಯನ್ನು ದಳವಾಯಿ ಉರುಳಿಕೊಂಡೇ ಮುಗಿಸಿದ. ಆಗ ಹಿಮವೇ ಬಾಯಿಬಿಟ್ಟಂತೆ ಬಿಳಿಯಕ್ಕನ ದನಿ ಬಂತು. ಮಗುವನ್ನು ಮಲಗಿಸುವಾಗ ಮಾತಾಡುವಷ್ಟು ಮೆಲ್ಲಗೆ.

"ಬಾ ತಮ್ಮಾ. ಬಯಲಲ್ಲಿ ಗೆಳೆಯನಾಗಿ ಮುಂದಕ್ಕೆ ಒಯ್ಯುತ್ತದೆ, ನನ್ನ ಮೈಮೇಲೆ ಹಗೆಯಾಗಿ ತಿರುಗಗೊಡುವುದಿಲ್ಲ. ಏನದು?"

"ಕುದುರೆ!"

ಕೂಗು ಕೂಡ ಕೇಳಲಿಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ದಳವಾಯಿ ಸೊಂಟದವರೆಗೆ ಹೂತು, ಕಣ್ಣು ತೆರೆದಂತೆಯೇ ಮರಗಟ್ಟಿ ನಿಂತಿದ್ದ. ಸೂರಿಭಟ್ಟ ಇಳಿದು ಅದೇ ಒಗಟಿಗೆ "ಆಸೆ" ಎಂದ. ಅವನೂ ನಿಂತ. ನೆತ್ತಿಯಲ್ಲಿದ್ದ ಉಳಿದ ಶೂರರಿಗೆ ಮನೆಯಲ್ಲಿ ಏನೇನೋ ಕೆಲಸ ನೆನಪಾಯಿತು.

ಮಾಕ ಒಬ್ಬನೇ ಇಳಿದ. ಮೋಟು ಹಲಗೆ ಎತ್ತಿ ತಿರುಗಿಸಿ, ಎತ್ತಿ ತಿರುಗಿಸಿ, ಬಂಡೆಗೆ ಮೈ ತಾಗಿಸದೆ ಬುಡ ಮುಟ್ಟಿದ. ನಡುಹಗಲು. ಆದರೆ ಅಲ್ಲಿ ಯಾರಿಗೂ ನೆರಳಿರಲಿಲ್ಲ, ಅವನಿಗೂ ಇರಲಿಲ್ಲ. ಬಿಳಿಯಕ್ಕ ಅದೇ ಒಗಟು ಕೇಳಿದಳು.

"ಹಲಗೆಯ ಉದ್ದ, ಅಕ್ಕಾ."

ಹಿಮ ನಿಟ್ಟುಸಿರಿಟ್ಟಿತು. "ಇಳಿಯುವವನು ತಾನೇ ಅದನ್ನು ಹುಟ್ಟಿಸುತ್ತಾನೆ. ಅದು ಬೆನ್ನು ಹತ್ತುತ್ತದೆ. ಎದುರು ನಿಂತರೆ ಕೊಲ್ಲುತ್ತದೆ, ಪಕ್ಕಕ್ಕೆ ಸರಿದರೆ ದಾಟಿಹೋಗುತ್ತದೆ. ಏನದು?"

"ನನ್ನ ಹಲಗೆ ಕೆರೆದಾಗ ಮೇಲಿಂದ ಜಾರಿ ಬರೋ ಹಿಮ. ಈಗತಾನೆ ಎರಡು ಸಲ ಪಕ್ಕಕ್ಕೆ ಜಿಗಿದು ಅದಕ್ಕೆ ದಾರಿ ಬಿಟ್ಟೆ."

ದನಿ ಈಗ ಅವನ ಕಿವಿಯ ಹತ್ತಿರವೇ ಬಂತು. "ಎಲ್ಲರ ಮೇಲೂ ಒಂದೇ ಸಮನೆ ಬೀಳುತ್ತದೆ. ಸತ್ತವರ ಬಳಿ ಹಾಗೇ ಉಳಿಯುತ್ತದೆ, ಬದುಕಿದವರ ಬಳಿ ಅಳುತ್ತದೆ. ಅದೇನೆಂದು ಹೇಳು, ಇಲ್ಲಿ ಹೂತು ನಿಂತವರಲ್ಲಿ ಬದುಕಿರುವವರನ್ನೆಲ್ಲ ತೋರಿಸು. ಒಬ್ಬರು ಹೆಚ್ಚಾದರೂ ಕಡಿಮೆಯಾದರೂ ನೀನೂ ಇವರ ಜೊತೆ ನಿಲ್ಲುತ್ತೀಯೆ."

"ಮಾಕಾ," ಎಂದಿತು ಚೆನ್ನಿಗನ ದನಿ. "ನಾನು ಕಣೋ. ಚಳಿ."

ಮಾಕ ದನಿ ಬಂದತ್ತ ಓಡಿದ. ಆದರೆ ಅಣ್ಣನ ತುಟಿ ಅಲುಗಿರಲಿಲ್ಲ. ಅವನು ಅಣ್ಣನ ಎದುರು ನಿಂತು ಕಾದ. ಸಣ್ಣಗೆ ಹಿಮ ಉದುರತೊಡಗಿತು. ಒಂದು ಎಸಳು ಚೆನ್ನಿಗನ ತೆರೆದ ಕಣ್ಣಿನ ಮೇಲೆ ಕೂತಿತು. ಇನ್ನೊಂದು ಕೂತಿತು. ಕರಗು, ಕರಗು ಎಂದು ಮಾಕ ಬಾಯಿಬಿಟ್ಟೇ ಬೇಡಿಕೊಂಡ. ಕರಗಲಿಲ್ಲ. ಒಬ್ಬೊಬ್ಬರ ಮುಖವನ್ನೂ ನೋಡುತ್ತ ಹೋದ. ಅವರ ನಡುವೆಯೇ ಹೂತು ನಿಂತಿದ್ದ ಸಿರಿಯಲದೇವಿಯ ಕೆನ್ನೆಯ ಮೇಲೆ ಬಿದ್ದದ್ದು ಮಾತ್ರ ನೀರಾಗಿ ಇಳಿಯಿತು.

"ಅದು ಹಿಮ," ಎಂದ ಮಾಕ. "ಬದುಕಿರೋದು ಕುಮಾರಿ ಒಬ್ರೇ."

"ಮತ್ತೆ ನಿನ್ನ ಅಣ್ಣ? ಬಿಟ್ಟುಹೋಗುತ್ತೀಯಾ?"

"ನಮ್ಮಣ್ಣ ಸತ್ತುಹೋಗಿದ್ದಾನೆ." ಹೇಳಿ ಮಾಕ ಬಿಕ್ಕಿ ಬಿಕ್ಕಿ ಅತ್ತ.

ಬಿಳಿಯಕ್ಕ ಹಿಡಿತ ಬಿಟ್ಟಳು. ಸತ್ತು ನಿಂತಿದ್ದವರೆಲ್ಲ ಒಟ್ಟಿಗೆ ಮಂಡಿಯೂರಿ ಕುಸಿದರು.

ಕುಮಾರಿಯನ್ನು ಬೆನ್ನಿಗೆ ಕಟ್ಟಿಕೊಂಡು ಬಳಸುದಾರಿಯಲ್ಲಿ ಕೋಟೆ ಸೇರಿದಾಗ ರಾಜ ಸಭೆ ಕರೆದ. ಮಾಕ ಮೂರು ಒಗಟನ್ನೂ ಬಿಡಿಸಿ ಹೇಳಿದ. ಅರ್ಧ ರಾಜ್ಯ ಬರೆದುಕೊಟ್ಟದ್ದಾಯಿತು, ಲಗ್ನ ಗೊತ್ತಾಯಿತು. ನೆತ್ತಿಯಲ್ಲಿ ನಕ್ಕು ಮನೆಗೆ ಓಡಿದ್ದವರೇ ದಾರ ಹಿಡಿದುಕೊಂಡು ಮೋಟು ಹಲಗೆಯ ಅಳತೆ ತೆಗೆಯಲು ಮುಗಿಬಿದ್ದರು. ಮಾಕ ಅವರ ಕೈಯಿಂದ ಹಲಗೆ ಬಿಡಿಸಿಕೊಂಡು ಗಂಡಿಗೆ ಮರಳಿದ. ಅಣ್ಣನನ್ನು ಹೊತ್ತು ಮನೆಗೆ ತಂದ.

ತಾಯಿ ಚೆನ್ನಿಗನನ್ನು ಒಲೆಯ ಪಕ್ಕದಲ್ಲೇ ಮಲಗಿಸಿಕೊಂಡಳು. ಕಾವಿಗೆ ಅವನ ರೆಪ್ಪೆಯ ಹಿಮ ಕರಗಿ ಕೆನ್ನೆಗಿಳಿಯಿತು.

"ನೋಡೋ ಮಾಕಾ, ಅಳ್ತಾ ಇದ್ದಾನೆ! ನಾನು ಹೇಳ್ಲಿಲ್ವಾ, ಬದುಕಿದ್ದಾನೆ ಅಂತ?"

ತುಂಬಿದ ಸಭೆಗೆ ಆ ಒಗಟು ಬಿಡಿಸಿ ಹೇಳಿದ್ದ ಮಾಕ, ಅವ್ವನೆದುರು ಮಾತ್ರ ಒಲೆಗೆ ಇನ್ನೊಂದು ಕೊಳ್ಳಿ ಒಟ್ಟಿ, ಅವಳ ಪಕ್ಕದಲ್ಲಿ ಕೂತ.