ಚೆನ್ನಾಗಿದೆ ಎಂದ ಅಡಿಗೆಯವನು

"ಗುರುಗಳೇ, ಮೂರು ವರ್ಷದಿಂದ ನಿಮ್ಮ ಮುಂದೆ ಪ್ರವಚನ ಹೇಳುತ್ತಿದ್ದೇನೆ. ಉಳಿದವರು ಬಾಯಿ ತೆರೆದರೆ ಸಾಕು, ತಿದ್ದುತ್ತೀರಿ. ನನಗೆ ಮಾತ್ರ ಚೆನ್ನಾಗಿದೆ ಎನ್ನುತ್ತೀರಿ. ನನ್ನಲ್ಲಿ ತಿದ್ದುವಂಥದ್ದು ಏನೂ ಇಲ್ಲವೆ?"

ಶಿಷ್ಯ ಚನ್ನವೀರ ಹೀಗೆ ಕೇಳಿದಾಗ ಗುರುಗಳು "ಕೂತುಕೋ" ಎಂದು ಈ ಕತೆ ಹೇಳಿದರು.

ಫ್ರೆಂಚರು ಆಳಿ ಬಿಟ್ಟುಹೋದ ಒಂದು ಕಡಲ ತೀರದ ಊರು. ಅಲ್ಲಿ ಒಬ್ಬ ಮುದುಕನಿದ್ದ. ಫ್ರೆಂಚ್ ಅಧಿಕಾರಿಗಳ ಮನೆಯಲ್ಲಿ ನಲವತ್ತು ವರ್ಷ ಅಡಿಗೆ ಮಾಡಿದವನು. ಹೆಂಡತಿ ತೀರಿಕೊಂಡಿದ್ದಳು. ಮಕ್ಕಳಿರಲಿಲ್ಲ. ಅವನು ಮಾಡುವ ಬಾದಾಮಿ ಹೂರಣದ ಪೇಸ್ಟ್ರಿ ಊರಿಗೆಲ್ಲ ಗೊತ್ತಿತ್ತು. ಬೆಣ್ಣೆ, ಸಕ್ಕರೆ, ಬಾದಾಮಿ ಪುಡಿ, ಮೊಟ್ಟೆ, ನಾಲ್ಕೂ ಸಮತೂಕ. ಅದನ್ನು ಕಲಸಿ, ತೆಳ್ಳಗೆ ಲಟ್ಟಿಸಿದ ಎರಡು ಹಾಳೆ ಹಿಟ್ಟಿನ ನಡುವೆ ತುಂಬಿ, ಅಂಚು ಒತ್ತಿ, ಓವನ್ನಿನಲ್ಲಿ ಬೇಯಿಸುತ್ತಾರೆ. ಮೊಟ್ಟೆ ಎಂದೊಡನೆ ಮುಖ ತಿರುಗಿಸಬೇಡ. ನಾನು ತಿನ್ನು ಎನ್ನುತ್ತಿಲ್ಲ, ಕೇಳು ಎನ್ನುತ್ತಿದ್ದೇನೆ.

ಇಬ್ಬರು ಹೆಂಗಸರು ಅದನ್ನು ಕಲಿಯಲು ಅವನಲ್ಲಿಗೆ ಬಂದರು. ಒಬ್ಬಳು ವಕೀಲರ ಹೆಂಡತಿ. ಇನ್ನೊಬ್ಬಳು ದರ್ಜಿ. ಮುದುಕ ಮಾಡಿ ತೋರಿಸಿದ. ಇಬ್ಬರೂ ಮನೆಯಲ್ಲಿ ಮಾಡಿ, ವಾರವಾರ ಬೇರೆ ಬೇರೆ ದಿನ ಎರಡೆರಡು ಪೇಸ್ಟ್ರಿ ತಂದು ಅವನ ಮುಂದೆ ಇಡಬೇಕು. ಅದೇ ಪಾಠ.

ದರ್ಜಿಗೆ ಪ್ರತಿ ವಾರವೂ ಬೈಗುಳ. ಬೆಣ್ಣೆ ಮೆತ್ತಗಿದ್ದರೆ ಸಾಕು, ಕರಗಿಸಿದ್ದು ಯಾಕೆ? ತಣ್ಣನೆಯ ಮೊಟ್ಟೆ ಹಾಕಿ ಹೂರಣ ಒಡೆಸಿದ್ದೀಯ. ಇದೇನು ಕೇಕೇ, ಹೀಗೆ ನೊರೆ ಬರುವಂತೆ ಬಡಿಯುವುದಕ್ಕೆ? ಅವಳು ತಲೆ ತಗ್ಗಿಸಿ ಕೇಳಿಸಿಕೊಳ್ಳುತ್ತಿದ್ದಳು. ಮುಂದಿನ ವಾರ ಮತ್ತೆ ಬರುತ್ತಿದ್ದಳು.

ವಕೀಲರ ಹೆಂಡತಿ ತಂದದ್ದನ್ನು ಮುದುಕ ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. "ಚೆನ್ನಾಗಿದೆ ತಾಯಿ" ಎನ್ನುತ್ತಿದ್ದ. ಆಮೇಲೆ ಅವನೂ ಆಕೆಯೂ ಕಾಫಿ ಕುಡಿಯುತ್ತ ಊರ ಸುದ್ದಿ ಮಾತಾಡುತ್ತಿದ್ದರು. ಹೀಗೆ ಒಂದು ವರ್ಷ ಕಳೆಯಿತು. ದರ್ಜಿ ಬೈಸಿಕೊಳ್ಳುವ ಸುದ್ದಿ ಕೇಳಿದಾಗ ಆಕೆಗೆ ಪಾಪ ಅನ್ನಿಸುತ್ತಿತ್ತು. ಎಲ್ಲರಿಗೂ ಕೈಗುಣ ಇರುವುದಿಲ್ಲ ಎಂದುಕೊಳ್ಳುತ್ತಿದ್ದಳು.

ಆಕೆಯ ಮಗಳ ನಿಶ್ಚಿತಾರ್ಥಕ್ಕೆ ದಿನ ಗೊತ್ತಾಯಿತು. ಗಂಡಿನ ಕಡೆಯವರು ಬಹುಕಾಲ ಫ್ರಾನ್ಸಿನಲ್ಲಿದ್ದು ಬಂದವರು. ಬೇಕರಿಗೆ ಹೇಳೋಣ ಎಂದು ಗಂಡ ಅಂದರೆ ಆಕೆ ಒಪ್ಪಲಿಲ್ಲ. ನೂರು ಪೇಸ್ಟ್ರಿಯನ್ನು ನಾನೇ ಮಾಡುತ್ತೇನೆ ಎಂದಳು. ಬಂದವರಿಗೆಲ್ಲ ಹೇಳಿಯೂ ಬಿಟ್ಟಳು.

ಆ ದಿನ ಹೂರಣವನ್ನು ಎಂದಿಗಿಂತ ಹೆಚ್ಚು ಹೊತ್ತು ಬಡಿದಳು. ಅದು ಬೆಳ್ಳಗೆ ಹಗುರವಾಗಿ ಉಬ್ಬಿತು. ಆಕೆಗೆ ಸಂತೋಷವಾಯಿತು. ಓವನ್ನಿಗೆ ಹೋದ ಮೇಲೆ ಒಳಗಿನ ಗಾಳಿ ಹಿಗ್ಗಿ ಅರ್ಧಕ್ಕರ್ಧ ಪೇಸ್ಟ್ರಿಗಳ ಅಂಚು ಒಡೆದು ಹೂರಣ ತಟ್ಟೆಗೆ ಹರಿದು ಕರಕಲಾಯಿತು. ಉಳಿದವು ಹೊರಗೆ ಹೊಂಬಣ್ಣಕ್ಕೆ ತಿರುಗಿ ಚೆಂದ ಕಂಡವು. ಅವನ್ನೇ ಬಡಿಸಿದರು. ಗಂಡಿನ ಅಜ್ಜಿ ಒಂದನ್ನು ಮುರಿದು ನೋಡಿ, "ಒಳಗೆ ಬರೀ ಟೊಳ್ಳು ಇದು!" ಎಂದು ನಕ್ಕರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೂ ಸುತ್ತ ಇದ್ದವರೆಲ್ಲ ನಕ್ಕರು. ಮಗಳು ತಲೆ ಎತ್ತಲಿಲ್ಲ.

ಅತಿಥಿಯಾಗಿ ಬಂದಿದ್ದ ದರ್ಜಿ ಅಡಿಗೆಮನೆಗೆ ಬಂದು ಆಕೆಯ ಕೈ ಹಿಡಿದುಕೊಂಡಳು. "ಬಡಿದದ್ದು ಹೆಚ್ಚಾಗಿದೆ ಅಕ್ಕ. ಇದೊಂದಕ್ಕೇ ತಾತ ನನ್ನನ್ನು ಆರು ತಿಂಗಳು ಬೈದರು. ನಿಮಗೆ ಹೇಳಲಿಲ್ಲವೆ?" ಎಂದಳು.

ಆಕೆ ಮರುದಿನವೇ ಮುದುಕನ ಮನೆಗೆ ಹೋದಳು. ಒಳಗೆ ಬರಲಿಲ್ಲ, ಹೊಸ್ತಿಲಲ್ಲೇ ನಿಂತಳು.

"ಒಂದು ವರ್ಷ ನನ್ನ ಕೈಯಿಂದ ತಿಂದಿರಿ. ನಿಮಗೆ ಗೊತ್ತಿರಲಿಲ್ಲವೆ?"

"ಗೊತ್ತಿತ್ತು ತಾಯಿ" ಎಂದ ಮುದುಕ. "ಎರಡನೆಯ ವಾರವೇ ಹೇಳಿದ್ದೆ. ಬಡಿಯಬೇಡಿ, ಮರದ ಸೌಟಿನಲ್ಲಿ ಮೆಲ್ಲಗೆ ಕಲಸಿ ಅಂತ. ನೀವು ತಟ್ಟೆ ಎತ್ತಿಕೊಂಡು ಎದ್ದು ಹೋದಿರಿ. ಒಂದೂವರೆ ತಿಂಗಳು ಬರಲಿಲ್ಲ. ಮತ್ತೆ ಬಂದಾಗ ತಟ್ಟೆ ಇಟ್ಟು ನನ್ನ ಮುಖವನ್ನೇ ನೋಡುತ್ತ ನಿಂತಿರಿ. ನಾನು ಚೆನ್ನಾಗಿದೆ ಅಂದೆ. ನೀವು ನಕ್ಕು ಕೂತಿರಿ. ಈ ಮನೆಗೆ ಕಾಫಿ ಕುಡಿಯುವುದಕ್ಕೆ ಇನ್ನು ಯಾರು ಬರುತ್ತಾರೆ? ಅವಳಿಗೆ ಬೈದರೂ ಬರುತ್ತಾಳೆ, ಬೈದೆ. ನಿಮ್ಮನ್ನು ಕಳೆದುಕೊಳ್ಳಲು ಮನಸ್ಸಾಗಲಿಲ್ಲ. ನಿಮ್ಮ ಹೂರಣ ಕೆಟ್ಟರೂ ಚಿಂತೆಯಿಲ್ಲ ಅಂದುಕೊಂಡೆ. ಅದು ನನ್ನ ತಪ್ಪು."

ಆಕೆ ಹೊಸ್ತಿಲಿಂದಲೇ ತಿರುಗಿ ಹೊರಟುಹೋದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಆಕೆ ಮತ್ತೆ ಬರಲೇ ಇಲ್ಲವೆ?" ಎಂದು ಚನ್ನವೀರ ಕೇಳಿದ.

"ಬಂದಳು. ನಾಲ್ಕು ತಿಂಗಳಾದ ಮೇಲೆ. ಅಷ್ಟರಲ್ಲಿ ಮುದುಕ ಹಾಸಿಗೆ ಹಿಡಿದಿದ್ದ. ಆಕೆ ಅವನ ಅಡಿಗೆಮನೆಯಲ್ಲೇ ಬೆಣ್ಣೆ ಸಕ್ಕರೆ ಕಲಸಿ, ಬೋಗುಣಿ ತಂದು ಮಂಚದ ಪಕ್ಕ ಹಿಡಿದಳು. ಅವನು ನೋಡಿ, ಬಡಿದದ್ದು ಇನ್ನೂ ಹೆಚ್ಚಾಯಿತು, ಚೆಲ್ಲಿ ಮತ್ತೆ ಮಾಡಿ ಅಂದ. ಆಕೆಯ ಕಣ್ಣಲ್ಲಿ ನೀರು ಬಂತು. ಆದರೂ ಚೆಲ್ಲಿದಳು. ಆ ದಿನ ಮೂರು ಸಲ ಮಾಡಿದಳು. ಅಂಥ ದಿನಗಳು ಅವರಿಗೆ ಸಿಕ್ಕಿದ್ದು ಹನ್ನೊಂದೇ. ಹನ್ನೆರಡನೆಯ ದಿನ ಮುದುಕ ಇರಲಿಲ್ಲ."

ಚನ್ನವೀರ ಕೈ ಜೋಡಿಸಿ, "ಅರ್ಥವಾಯಿತು ಗುರುಗಳೇ. ನನ್ನಲ್ಲೂ ತಪ್ಪಿದೆ. ಅದು ಏನೆಂದು ಹೇಳಿ" ಎಂದ.

ಗುರುಗಳು ಅವನ ಮುಖ ನೋಡಿದರು.

"ಹೇಳಿದರೆ, ನಾಳೆಯೂ ಬರುತ್ತೀಯಾ?"