ಬೋರಲಿಂಗ ಪೂರ್ತಿ ಮಾಡಿದ ಮಾತು

ಬಾಗಿಲಿಗೆ ಬೆನ್ನು ಕೊಟ್ಟು ಕೂತವರು ಒಂಚೂರು ಒಳಗೆ ಸರಿದು ಕೂತ್ಕೊಳ್ಳಿ. ಹೂಂಗುಟ್ಟೋರು ಜೋರಾಗಿ ಹೂಂಗುಟ್ಟಿ. ಇದು ಸುಳ್ಳಲ್ಲ. ಸುಳ್ಳಾಗಿದ್ದರೆ ಇನ್ನೂ ಚೆನ್ನಾಗಿ ಹೇಳ್ತಿದ್ದೆ.

ಒಂದೂರಲ್ಲಿ ಒಬ್ಬ ತಾಯಿ, ದೊಡ್ಡತಾಯಮ್ಮ ಅಂತ. ಅವಳಿಗೊಬ್ಬನೇ ಮಗ, ಬೋರಲಿಂಗ ಅಂತ. ಮೀಸೆ ಬಂದಿತ್ತು, ಬುದ್ಧಿ ಬಂದಿರಲಿಲ್ಲ. "ಹಾಲು ಉಕ್ಕೋದು ನೋಡ್ಕೊಳ್ಲಾ" ಅಂದರೆ, ಉಕ್ಕಿ ಒಲೆ ಆರೋವರೆಗೂ ರೆಪ್ಪೆ ಬಡಿಯದೆ ನೋಡ್ಕೊಂಡೇ ಕೂರೋನು. ಇಷ್ಟೇ ಆಗಿದ್ದರೆ ತಾಯಿ ಹಣೆ ಚಚ್ಚಿಕೊಂಡು ಸುಮ್ಮನಾಗೋಳು. ಆದರೆ ಅವನ ನಾಲಿಗೆ ತುದೀಲಿ ಒಂದು ಕರೀ ಮಚ್ಚೆ. ನಾಲಿಗೇಲಿ ಮಚ್ಚೆ ಇದ್ದೋರು ಆಡಿದ್ದು ಆಗ್ತದೆ ಅಂತ ಊರಿನ ನಂಬಿಕೆ. ಅದಕ್ಕೇ ಅವಳು ಮಗನನ್ನ ಹೆಚ್ಚು ಮಾತಾಡಿಸ್ತಲೇ ಇರಲಿಲ್ಲ.

ಆದರೂ ಇಂಗ್ಲಿಷಿನಲ್ಲಿ ಫೇಲಾದ ಮಗನನ್ನ ಎಷ್ಟು ದಿನ ಮೂಲೇಲಿ ಕೂರಿಸೋದು? ಆರಾಧ್ಯ ಮೇಷ್ಟ್ರ ಪಾಠಕ್ಕೆ ಕಳಿಸಿದಳು.

ಮೇಷ್ಟ್ರು ಬೋರ್ಡಿನ ಮೇಲೆ ಬರೆದರು. "'ದಿ ಕೌ.' ಏನೋ ಇದು?"

"ಹಸು, ಮೇಷ್ಟ್ರೇ."

"ಹಸು ಏನು ಮಾಡ್ತು?"

"ಏನೂ ಮಾಡ್ಲಿಲ್ಲ ಮೇಷ್ಟ್ರೇ. ಬೋರ್ಡ್ ಮೇಲೇ ನಿಂತದೆ."

"ಅದಕ್ಕೇ ಅದು ತುಂಡು ಕಣೋ! ಯಾರು ಅಂತ ಇದೆ, ಏನು ಮಾಡ್ತು ಅಂತ ಇಲ್ಲ. 'ದಿ ಕೌ ಸ್ಲೀಪ್ಸ್.' ಹಸು ಮಲಗ್ತದೆ. ಈಗ ಪೂರ್ತಿ ಆಯ್ತು. ತುಂಡು ಕಂಡರೆ ಬಿಡಬೇಡ, ಪೂರ್ತಿ ಮಾಡು!"

"ಬಿಡಲ್ಲ ಮೇಷ್ಟ್ರೇ!"

ಬಿಡಲಿಲ್ಲ. ಮನೆಗೆ ಬರೋ ದಾರೀಲಿ, ನಲ್ಲಿ ಹತ್ರ, ಪಕ್ಕದ ಮನೆ ನಿಂಗಾಜಮ್ಮ ಕೊಡ ಹಿಡಿದು ನಿಂತಿದ್ದಳು. ಅವಳ ಮಾವ ಹೈದೇಗೌಡಜ್ಜ ಕೆಮ್ಮಿ ಕೆಮ್ಮಿ ಹಾಸಿಗೆ ಹಿಡಿದಿದ್ದ. "ಹೆಂಗವ್ರೆ ನಿಮ್ಮಾವ?" ಅಂತ ಯಾರೋ ಕೇಳಿದರು.

"ಏನಂತ ಹೇಳನವ್ವಾ. ನಮ್ಮಾವ..." ಅಂತ ನಿಟ್ಟುಸಿರು ಬಿಟ್ಟಳು.

ತುಂಡು! ಬೋರಲಿಂಗ ಬಿಡ್ತಾನಾ?

"ಸತ್ತೋದ್ರು!" ಅಂದ.

ಕೊಡ ಕೈ ಜಾರಿ ಬಿತ್ತು. ಅದು ಉರುಳೋದು ನಿಲ್ಲೋದರೊಳಗೆ ನಿಂಗಾಜಮ್ಮನ ಮನೆ ಕಡೆಯಿಂದ ಗೋಳು ಕೇಳಿಸ್ತು. ಹಾಸಿಗೆ ಇನ್ನೂ ಬೆಚ್ಚಗಿತ್ತಂತೆ. ಕೆಮ್ಮು ಅರ್ಧಕ್ಕೇ ನಿಂತಿತ್ತಂತೆ.

ವಿಷಯ ತಿಳಿದು ದೊಡ್ಡತಾಯಮ್ಮ ಪೊರಕೆ ಹಿಡಿದು ಬಂದಳು. "ಮೂದೇವಿ! ಬಿಡ್ತು ಅನ್ನು!"

"ಬಿಡ್ತು ಅನ್ನು," ಅಂದ.

"ಬಿಡ್ತು ಅನ್ಲಾ!"

"ಬಿಡ್ತು ಅನ್ಲಾ."

"ಅಯ್ಯೋ, ನನ್ನ ಹೊಟ್ಟೇಲಿ ಹುಟ್ಟಿದ ಕಲ್ಲೇ! ನೊಂದೋರು ಮಾತು ಅರ್ಧಕ್ಕೆ ಬಿಟ್ರೆ ಒಳ್ಳೇದು ಸೇರಿಸಬೇಕು ಕಣ್ಲಾ! 'ಹುಷಾರಾಗಿ ಮನೆಗೆ ಬತ್ತಾರೆ' ಅನ್ನಬೇಕು!"

"ಹಂಗೇ ಅಂತೀನಿ ಕಣವ್ವ!"

ಹಂಗೇ ಅಂದ. ಅಜ್ಜನನ್ನ ಮಣ್ಣು ಮಾಡಿ, ಜನ ದೀಪ ನೋಡೋಕೆ ಅಂತ ಸತ್ತ ಮನೆಗೆ ವಾಪಸ್ ಬಂದಿದ್ದರು. ಹೆಣ ಮಲಗಿಸಿದ್ದ ಜಾಗದಲ್ಲಿ ಸಣ್ಣ ದೀಪ. ನಿಂಗಾಜಮ್ಮ ಕಂಬ ಹಿಡ್ಕೊಂಡು, "ನಮ್ಮಾವ... ನಮ್ಮಾವ..." ಅಂತ ಅಳ್ತಿದ್ದಳು.

ಬೋರಲಿಂಗ ಮುಂದೆ ಬಂದ. "ಹುಷಾರಾಗಿ ಮನೆಗೆ ಬತ್ತಾರೆ!"

ಬೈಯೋಕೆ ಬಾಯಿ ತೆರೆದವರ ಬಾಯಿ ತೆರೆದೇ ಇತ್ತು. ಗಾಳಿಯೇ ಇಲ್ಲದೆ ದೀಪ ಬಾಗ್ತು. ಹೊರಗೆ ಜಗಲಿ ಮೇಲೆ ಖೊಳ್ ಅಂತ ಒಂದು ಸದ್ದು. ಬೆಳಿಗ್ಗೆ ನಿಂತಿತ್ತಲ್ಲ ಕೆಮ್ಮು, ಅದರ ಉಳಿದರ್ಧ.

ಆಮೇಲೆ ಸಂಜೆ ಸಂಜೆಗೂ ಅದೇ. ಜಗಲಿ ಮೇಲಿನ ಬರೀ ಮಂಚ ಯಾರೋ ಕೂತ ಹಾಗೆ ಜಗ್ಗೋದು. "ಸೊಸೇ..." ಅನ್ನೋದು, ಮುಂದಕ್ಕಿಲ್ಲ. "ನೀರು..." ಅನ್ನೋದು, ಮುಂದಕ್ಕಿಲ್ಲ. ಸತ್ತೋರ ಹತ್ರ 'ಯಾರು' ಅನ್ನೋದು ಇರ್ತದೆ, 'ಏನು ಮಾಡಿದರು' ಅನ್ನೋದು ಇರಲ್ಲ. ಅವರ ಮಾತೆಲ್ಲ ತುಂಡೇ. ಇದು ಮೇಷ್ಟ್ರು ಹೇಳಿಕೊಟ್ಟದ್ದಲ್ಲ, ನಾನು ಹೇಳ್ತಿರೋದು. ಬೇಕಾದರೆ ನಂಬಿ.

ದೊಡ್ಡತಾಯಮ್ಮ ಮಗನ ಕಿವಿ ಹಿಂಡಿದಳು. "ಇನ್ಮೇಲೆ ಯಾರ ಮಾತೂ ಪೂರ್ತಿ ಮಾಡಬ್ಯಾಡ! ಏನಿದ್ರೂ ಅರ್ಧಕ್ಕೇ ಬಿಡು! ಗೊತ್ತಾಯ್ತಾ?"

"ಗೊತ್ತಾ..." ಅಂದ.

ಮಂತ್ರದ ಮುದ್ದಯ್ಯನನ್ನ ಕರೆಸಿದರು. ಅವನು ಬೋರಲಿಂಗನ ನಾಲಿಗೆ ನೋಡಿ, "ಕರೆದ ನಾಲಿಗೆಯೇ ಕಳಿಸಬೇಕು. ಇದಕ್ಕೆ ಒಂದೇ ಸಲ ಅವಕಾಶ," ಅಂದ. ಮಂಚದ ಮುಂದೆ ಅವನನ್ನ ನಿಲ್ಲಿಸಿದ. "ನಾನು ಹೇಳಿದಂಗೆ ಹೇಳಪ್ಪಾ. 'ಹೈದೇಗೌಡಜ್ಜ ಮನೆ ಬಿಟ್ಟು, ಬೀದಿ ದಾಟಿ, ಮಣ್ಣಿಗೆ ಹೋದ.'"

"ಹೈದೇಗೌಡಜ್ಜ ಮನೆ ಬಿಟ್ಟು, ಬೀದಿ..."

"ಮುಂದಕ್ಕೆ ಹೇಳೋ!"

"ಅರ್ಧಕ್ಕೇ ಬಿಡು ಅಂದವ್ಳೆ ನಮ್ಮವ್ವ!"

ಜಗ್ಗಿದ್ದ ಮಂಚ ಸರಕ್ಕನೆ ಮೇಲೆದ್ದಿತು. ಬರಿಗಾಲಿನ ಸದ್ದು ಜಗಲಿ ಇಳೀತು, ಬೀದಿಗೆ ಬಂತು, ನಿಂತಿತು. ನಿಂತದ್ದು ಎಲ್ಲಿ? ದೊಡ್ಡತಾಯಮ್ಮನ ಬಾಗಿಲ ಮುಂದೆ. ಮುದ್ದಯ್ಯ ಚೀಲ ಹೆಗಲಿಗೇರಿಸಿ, ಬಂದ ಬೀದಿ ಬಿಟ್ಟು ಇನ್ನೊಂದು ಬೀದೀಲಿ ಊರು ಬಿಟ್ಟ.

ಮಾರನೇ ಸಂಜೆ ದೊಡ್ಡತಾಯಮ್ಮ ಮುದ್ದೆ ತಿರುವುತ್ತಿದ್ದಳು. ಬೋರಲಿಂಗ ತಟ್ಟೆ ಹಿಡಿದು ಕೂತಿದ್ದ. ಹೊರಗಿಂದ ಒಂದು ದನಿ.

"ದೊಡ್ಡತಾಯಮ್ಮಾ..."

ಹೆಸರು ಮಾತ್ರ. ಮುಂದಕ್ಕಿಲ್ಲ. ಕೈಯಲ್ಲಿದ್ದ ಮುದ್ದೆಕೋಲು ನಿಂತಿತು. ಅವಳು ಪೆದ್ದಿಯಲ್ಲ, ತಿಳೀತು. ತನ್ನ ಹೆಸರು ಹಿಡಿದು ಒಂದು ಮಾತು ಶುರುವಾಗಿದೆ. ನಾವು ಅದನ್ನ ಮುಗಿಸದಿದ್ದರೆ ಅದೇ ನಮ್ಮನ್ನ ಮುಗಿಸ್ತದೆ.

"ಬೋರಾ," ಅಂತ ಪಿಸುಗುಟ್ಟಿದಳು, "ನನ್ನ ಜೀವ ನಿನ್ನ ನಾಲಿಗೆ ಮೇಲೈತೆ ಕಣ್ಲಾ. ಬಾಗಿಲು ತೆಗೀಬ್ಯಾಡ. ಒಳಗಿಂದಲೇ ಹೇಳು, 'ದೊಡ್ಡತಾಯಮ್ಮ ಮನೇಲಿಲ್ಲ, ನಾಳೆ ಬಾ' ಅಂತ. ಈ ಸಲ ಅರ್ಧಕ್ಕೆ ಬಿಡಬ್ಯಾಡ, ಪೂರ್ತಿ ಹೇಳು! ಇನ್ಮೇಲೂ ಅಷ್ಟೇ. ದೀಪ ಹಚ್ಚೋ ಹೊತ್ತಲ್ಲಿ ಯಾರೇ ಬಂದು ತುಂಡು ಮಾತಾಡಿದ್ರೂ 'ನಾಳೆ ಬಾ' ಅನ್ನು!"

"ಯಾರೇ ಬಂದ್ರೂವಾ?"

"ಯಾರೇ ಬಂದ್ರೂವೆ! ಹೋಗ್ಲಾ!"

ಹೋದ. ಎದೆ ಉಬ್ಬಿಸಿ, ಒಂದಕ್ಷರ ಬಿಡದೆ ಹೇಳಿದ. "ದೊಡ್ಡತಾಯಮ್ಮ ಮನೇಲಿಲ್ಲ, ನಾಳೆ ಬಾ!"

ಹೊರಗಿನ ಕಾಲಿನ ಸದ್ದು ತಿರುಗಿತು. ದೂರ ದೂರ ಹೋಯ್ತು.

"ಅವ್ವಾ, ಪೂರ್ತಿ ಹೇಳ್ದೆ! ಹೊಂಟೋಯ್ತು ಕಣವ್ವಾ!"

ತಿರುಗಿ ನೋಡಿದ. ಒಲೆ ಉರೀತಿತ್ತು. ಅರ್ಧ ತಿರುವಿದ ಮುದ್ದೇಲಿ ಕೋಲು ನೆಟ್ಟಗೆ ನಿಂತಿತ್ತು. ಹಿತ್ತಿಲ ಬಾಗಿಲ ಚಿಲಕ ಹಾಕಿದ್ದು ಹಾಕಿದಂಗೇ ಇತ್ತು. ಅವ್ವ ಇರಲಿಲ್ಲ. ಮನೇಲಿಲ್ಲ ಅಂದಿದ್ದನಲ್ಲ, ಇರಲಿಲ್ಲ.

ಬೋರಲಿಂಗ ಅರ್ಧ ಮುದ್ದೆ ತಾನು ತಿಂದ, ಅರ್ಧ ಅವ್ವನಿಗೆ ಮುಚ್ಚಿಟ್ಟ. ಕಾದ. ರಾತ್ರಿ ಕಳೀತು, ಹಗಲೂ ಕಳೀತು, ಮತ್ತೆ ದೀಪ ಹಚ್ಚೋ ಹೊತ್ತಾಯ್ತು. ಯಾರೋ ಬಾಗಿಲು ಸವರಿದ ಸದ್ದು.

"ಬೋರಾ..."

ಅವ್ವನ ದನಿ! ಬಿದ್ದೂ ಎದ್ದೂ ಓಡಿದ. ಚಿಲಕದ ಮೇಲೆ ಕೈಯಿಟ್ಟ. "ಅವ್ವಾ! ಎಲ್ಲೋಗಿದ್ದೆ? ಮುದ್ದೆ ಆರೋಯ್ತು ಕಣವ್ವ!"

"ಮಗಾ... ನಾನು..."

ಮುಂದಕ್ಕಿಲ್ಲ.

ಒಂದೇ ಒಂದು ಮಾತು ಸಾಕಿತ್ತು ಕಣ್ರಪ್ಪಾ! 'ಮನೇಲಿದೀನಿ' ಅಂತ ಆ ಮಚ್ಚೆ ನಾಲಿಗೆ ಸೇರಿಸಿದ್ದರೆ, ಅವ್ವ ಒಲೆ ಮುಂದೆ ಕೂತಿರೋಳು, ಕೈಲಿ ಕೋಲು ಹಿಡಿದಿರೋಳು. ಬೋರಲಿಂಗ ಬಾಗಿಲಿಗೆ ಕಿವಿಯಿಟ್ಟ. 'ನಾನು' ಇತ್ತು. ಏನು ಮಾಡ್ತು ಅನ್ನೋದು ಇರಲಿಲ್ಲ. ಬಾಯಿ ತೆರೆದ. ನಾಲಿಗೆ ತುದಿ ತುರಿಸ್ತು.

ಅಷ್ಟರಲ್ಲಿ ನೆನಪಾಯ್ತು. ಮುಖ ಅರಳಿತು.

"ತುಂಡು!" ಅಂತ ಕಿರುಚಿದ. "ಇದು ತುಂಡು ಮಾತು!"

ಆರಾಧ್ಯ ಮೇಷ್ಟ್ರು ಅಲ್ಲಿದ್ದಿದ್ದರೆ ಬೆನ್ನು ತಟ್ಟೋರು. ಹುಟ್ಟಿದಾಗಿನಿಂದ ಅವನಿಗೆ ಸರಿ ಉತ್ತರ ಹೊಳೆದದ್ದು ಅದೇ ಮೊದಲು.

ಚಿಲಕ ಇನ್ನೊಮ್ಮೆ ಬಿಗಿ ಮಾಡಿದ. ಅವ್ವ ಹೇಳಿಕೊಟ್ಟಂಗೇ, ಎದೆ ಉಬ್ಬಿಸಿ, "ನಾಳೆ ಬಾ!" ಅಂದ.

ಬಂದಳು. ಅವನು ಅವ್ವನ ಮಾತು ಮೀರಲಿಲ್ಲ, ಅವ್ವನೂ ಅವನ ಮಾತು ಮೀರಲಿಲ್ಲ.

"ಬೋರಾ... ನಾನು..."

"ನಾಳೆ ಬಾ!"

ಕತೆ ಪೂರ್ತಿ ಆಯ್ತು. ಕೂತಿರೋರು ಪೂರ್ತಿ ಇದೀರಾ, ಒಂದ್ಸಲ ಹಿಂದೆ ತಿರುಗಿ ನೋಡ್ಕೊಳ್ಳಿ.