ಪ್ಲಮ್ ಮರಕ್ಕೆ ಕಟ್ಟಿದ ದಾರ

"ಬುದ್ಧಿ, ಗೆದ್ದ ಬಿಸಿ ಆರುವ ಮೊದಲೇ ಇನ್ನೊಂದು ಗೆಲುವಿಗೆ ಕೈ ಹಾಕಿದರೆ ತಪ್ಪೇನು?" ಎಂದು ಶಿಷ್ಯ ನಿರ್ವಾಣಯ್ಯ ಗುರುಗಳನ್ನು ಕೇಳಿದ.

ಅವನ ಮುಖ ಕೆಂಪೇರಿತ್ತು. ಮಠದ ಪಾಠಶಾಲೆ ತಮಗೆ ಸೇರಬೇಕೆಂದು ಬಂದಿದ್ದ ನಾಲ್ವರು ಪಂಡಿತರನ್ನು ಅವನು ಮೂರು ದಿನದ ವಾದದ ಕೊನೆಗೆ ಅಂದು ಸೋಲಿಸಿದ್ದ. ಆ ಮೂರು ದಿನವೂ ಪಕ್ಕದಲ್ಲಿ ಕುಳಿತು ಬೇಕಾದ ಗ್ರಂಥ ತೆಗೆದುಕೊಟ್ಟವನು ಸಹಪಾಠಿ ಮುರುಗಯ್ಯ. ಪಾಠಶಾಲೆಯ ಮೊದಲ ಪೀಠ ತನಗೋ ಮುರುಗಯ್ಯನಿಗೋ ಎಂಬುದನ್ನು ನಾಳೆಯೇ ವಾದದಲ್ಲಿ ತೀರ್ಮಾನಿಸಬೇಕೆಂದು ನಿರ್ವಾಣಯ್ಯನಿಗೆ ಆತುರ. ಸೋತ ಪಂಡಿತರು ಎದುರಿನ ಛತ್ರದಲ್ಲಿ ಇಳಿದಿದ್ದರು.

"ಇದು ನಿಂತು ಕೇಳುವ ಕತೆಯಲ್ಲ. ಕೂರು," ಎಂದರು ಗುರುಗಳು.

ಬಲ್ಗೇರಿಯ ದೇಶದಲ್ಲಿ ಒಬ್ಬ ಸೇನಾಪತಿ ಇದ್ದ. ಗಡಿಯಾಚೆಯ ಕೋಟೆಯೊಂದಕ್ಕೆ ಅವನ ಸೇನೆ ಚಳಿಗಾಲವಿಡೀ ಮುತ್ತಿಗೆ ಹಾಕಿತ್ತು. ಕೋಟೆ ಅಲುಗಲಿಲ್ಲ. ಅವನ ಬಳಿ ಭಾರಿ ಫಿರಂಗಿಗಳಿರಲಿಲ್ಲ. ನೆರೆದೇಶದ ಮಿತ್ರರು ತಮ್ಮ ಫಿರಂಗಿಗಳನ್ನು ಹಿಮದಲ್ಲಿ ಎಳೆದು ತಂದು ಅವನ ಪಕ್ಕದಲ್ಲಿ ನಿಲ್ಲಿಸಿದರು.

ಆ ದೇಶದವರು ಮಾರ್ಚ್ ತಿಂಗಳ ಮೊದಲ ದಿನ ಮುಂಗೈಗೆ ಕೆಂಪು ಬಿಳಿ ದಾರ ಕಟ್ಟಿಕೊಳ್ಳುತ್ತಾರೆ. ಹೂಬಿಟ್ಟ ಮರ ಕಂಡ ದಿನ ಬಿಚ್ಚಿ ಅದರ ಕೊಂಬೆಗೆ ಕಟ್ಟುತ್ತಾರೆ. ಅಲ್ಲಿಯವರೆಗೆ ಬಿಚ್ಚುವಂತಿಲ್ಲ. ದಾಳಿಯ ಮುನ್ನ ಸೇನಾಪತಿ ಅಂಗಿಯ ಹೊಳೆಯುವ ಗುಂಡಿಗಳಿಗೆಲ್ಲ ಬಟ್ಟೆ ಸುತ್ತಿಸಿದ. ಕತ್ತಲಲ್ಲಿ ಬಿಳಿ ಕಾಣುತ್ತದೆ, ದಾರವನ್ನೂ ಬಿಚ್ಚಿ ಎಂದ.

"ಅಂಗಿಯ ತೋಳಿನೊಳಗೆ ಸರಿಸಿಕೊಳ್ಳುತ್ತೇವೆ, ಸೇನಾಪತಿಗಳೇ. ಬಿಚ್ಚಲೇಬೇಕೆಂದರೆ ಕೋಟೆಯೊಳಗೆ ಒಂದು ಮರ ತೋರಿಸಿ," ಎಂದ ಹವಾಲ್ದಾರ ಡೊಬ್ರಿ. ಸೈನಿಕರು ನಕ್ಕರು. ಸೇನಾಪತಿಯೂ ನಕ್ಕ.

ಬೆಳಕು ಹರಿಯುವ ಹೊತ್ತಿಗೆ ಮಿತ್ರರ ಫಿರಂಗಿಗಳು ಗುಡುಗಿದವು. ಸೈನಿಕರು ಮುಳ್ಳುತಂತಿ ಕತ್ತರಿಸಿ ನುಗ್ಗಿದರು. ಮುಂದಿನವನು ಬಿದ್ದರೆ ಹಿಂದಿನವನು ಅವನ ಜಾಗಕ್ಕೆ ಬಂದ. ಒಂದು ಬುರುಜು ಬಿತ್ತು, ಇನ್ನೊಂದು ಬಿತ್ತು, ಕೋಟೆಯ ಬಾಗಿಲು ತೆರೆಯಿತು!

ಒಳಗೆ ಪ್ಲಮ್ ಮರವೊಂದು ಮೈತುಂಬ ಹೂಬಿಟ್ಟು ನಿಂತಿತ್ತು. ಬದುಕಿದವರು ತಮ್ಮ ದಾರ ಬಿಚ್ಚಿ ಕಟ್ಟಿದರು. ಆಮೇಲೆ ಹೊರಗೆ ಹೋಗಿ, ಸತ್ತವರ ದಾರಗಳನ್ನೂ ಬಿಚ್ಚಿ ತಂದು ಕಟ್ಟಿದರು. ಅದಕ್ಕೆ ಸಂಜೆಯಾಯಿತು.

"ಇದರ ಹಣ್ಣು ತಿನ್ನುವವರು ನಾವೇ!" ಎಂದು ಸೇನಾಪತಿ ಕೂಗಿದ. ಟೋಪಿಗಳು ಹಾರಿದವು.

ಮೂರು ತಿಂಗಳು ಕಳೆಯುವಷ್ಟರಲ್ಲಿ, ಗೆದ್ದ ನೆಲದ ಪಾಲಿನ ಬಗ್ಗೆ ಮಿತ್ರರೊಡನೆ ಜಗಳ ಬಂತು. ಸೇನಾಪತಿ ಹೇಳಿದ: "ಗೆದ್ದ ಸೇನೆಯನ್ನು ಸುಮ್ಮನೆ ಕೂರಿಸಬಾರದು. ಐದೇ ದಿನ. ಅವರನ್ನೂ ಮುಗಿಸಿ ಬರೋಣ."

"ಫಿರಂಗಿ ತಂದವರು ನಮ್ಮ ರೊಟ್ಟಿಯಲ್ಲಿ ಪಾಲು ತಿಂದವರು," ಎಂದ ಡೊಬ್ರಿ. "ಊರಲ್ಲಿ ಗೋಧಿ ಕೊಯ್ಲಿಗೆ ಬಂದಿದೆ. ಇಲ್ಲಿ ಕೋಟೆ ಕಾಯುವವರು ಯಾರು?"

"ಸೋತು ಓಡಿದವರಿಗೆ ಹೆದರುತ್ತೀಯಾ? ನೀನು ಸೈನಿಕನೋ, ರೈತನೋ?"

"ನೀವು ಕರೆದಾಗ ಸೈನಿಕ, ಬಿಟ್ಟಾಗ ರೈತ. ನೀವು ಬಿಡುತ್ತಲೇ ಇಲ್ಲವಲ್ಲ!"

"ಹಾಗಾದರೆ ನೀನು ಇಲ್ಲೇ ಇದ್ದು ಮರ ಕಾಯಿ," ಎಂದು ಸೇನಾಪತಿ ಹನ್ನೆರಡು ಜನರೊಡನೆ ಅವನನ್ನು ಬಿಟ್ಟು, ಉಳಿದ ಸೇನೆಯನ್ನೆಲ್ಲ ಮಿತ್ರರ ಮೇಲೆ ನಡೆಸಿದ.

ಐದು ದಿನ ಹದಿನೈದಾಯಿತು. ಮಿತ್ರರು ಸೋಲಲಿಲ್ಲ. ಒಂದು ಮಧ್ಯಾಹ್ನ ಡೊಬ್ರಿ ಬರಿಗಾಲಲ್ಲಿ ನಡೆದು ಸೇನಾಪತಿಯ ಡೇರೆಗೆ ಬಂದ. ಹಳೆಯ ಶತ್ರು ಕೋಟೆಯನ್ನು ಮರಳಿ ಹಿಡಿದಿದ್ದ.

"ಎಷ್ಟು ದಿನ ಹೋರಾಡಿದಿರಿ?" ಎಂದು ಸೇನಾಪತಿ ಕೇಳಿದ.

"ಒಂದು ಗುಂಡೂ ಹಾರಲಿಲ್ಲ. ಬುರುಜುಗಳಲ್ಲಿ ಯಾರೂ ಇರಲಿಲ್ಲ. ಅವರು ಬಾಗಿಲಿನಿಂದಲೇ ನಡೆದು ಬಂದರು."

"ಮರ?"

"ಹಣ್ಣಾಗಿತ್ತು. ದಾರ ಪಕ್ಕಕ್ಕೆ ಸರಿಸಿ, ಕಿತ್ತು ತಿನ್ನುತ್ತಿದ್ದರು."

ಗುರುಗಳು ಕತೆ ನಿಲ್ಲಿಸಿದರು. ನಿರ್ವಾಣಯ್ಯ ತಡೆಯಲಾರದೆ ಎದ್ದು ನಿಂತ.

"ಎಂಥ ಮೂರ್ಖ, ಬುದ್ಧಿ! ಜೊತೆಗೆ ನಿಂತವರ ಮೇಲೆ ಬೀಳುವ ಮೊದಲು, ಸೋತವರು ಎಲ್ಲಿದ್ದಾರೆಂದು ಒಮ್ಮೆ ತಿರುಗಿ ನೋಡಬಾರದಿತ್ತೇ?"

ಗುರುಗಳು ಕಿಟಕಿಯ ಕದ ತೆರೆದು ಹೇಳಿದರು: "ಛತ್ರದಲ್ಲಿರುವವರು ಇನ್ನೂ ಗಂಟುಮೂಟೆ ಕಟ್ಟಿಲ್ಲ."

ನಿರ್ವಾಣಯ್ಯ ಮತ್ತೆ ಕುಳಿತ.